ಟವೆಲ್ಲಿನ ಕೆಳಗಿನ ಕೈ

ಇದು ನನ್ನ ಕೈಗೇ ಆದ ಅನುಭವ. ಯಾರೋ ಹೇಳಿದ್ದನ್ನು ಕೇಳಿ ಬರೆಯುತ್ತಿಲ್ಲ. ನಂಬಿ ಎಂದು ನಿಮ್ಮ ಹತ್ತಿರ ಚೌಕಾಸಿಗೂ ನಿಲ್ಲುವುದಿಲ್ಲ. ಆ ಸಂಜೆ ಜೊತೆಗಿದ್ದ ನನ್ನ ಹೆಂಡತಿ ಪಾರ್ವತಿಯನ್ನು ಬೇಕಾದರೆ ಕೇಳಿ. ಸಾಲದಿದ್ದರೆ, ನಮ್ಮ ಅಟ್ಟದ ಮೇಲೆ ಇನ್ನೊಂದು ಸಾಕ್ಷಿ ಇದೆ...

ಎಂಬತ್ತನೇ ಇಸವಿಯ ಆಸುಪಾಸು. ಬಿಳಿಗೆರೆಯಲ್ಲಿ ಕಾಯಿ ಸುಲಿಯುವ ಕೂಲಿಯಿಂದ ಶುರು ಮಾಡಿದವನು ನಾನು. ಅಷ್ಟು ಹೊತ್ತಿಗೆ ತಿಪಟೂರಿನಲ್ಲಿ ಸ್ವಂತ ಕೊಬ್ಬರಿ ಮಂಡಿ ಇಟ್ಟಿದ್ದೆ. ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ.

ತುರುವೇಕೆರೆ ರಸ್ತೆಯಲ್ಲಿ, ತೋಟಗಳ ನಡುವೆ, ಹಳೆಯ ಕೊಬ್ಬರಿ ಸಾಹುಕಾರರೊಬ್ಬರ ದೊಡ್ಡ ಮನೆ ಇತ್ತು. ಹೆಸರು ಬೇಡ, ಮೊಮ್ಮಕ್ಕಳಿದ್ದಾರೆ. ಮೂರು ತಲೆಮಾರು ಆಸೆಪಟ್ಟು ಕೂಡಿಸಿಟ್ಟ ಚಿತ್ರಪಟ, ಬೊಂಬೆ, ದಂತದ ಕುಸುರಿ ಎಲ್ಲವನ್ನೂ ಜನ ನೋಡಲಿ ಎಂದು ಆ ಮೊಮ್ಮಕ್ಕಳು ಮನೆಯನ್ನೇ ಮ್ಯೂಸಿಯಂ ಮಾಡಿದ್ದರು. ಪಾರ್ವತಿಗೆ ನೋಡುವ ಆಸೆ.

ಮಂಡಿ ಮುಚ್ಚಿ ಹೊರಟಿದ್ದರಿಂದ ಅಲ್ಲಿಗೆ ಹೋಗುವಷ್ಟರಲ್ಲಿ ಹೊತ್ತು ಮುಳುಗುತ್ತಿತ್ತು. ಕಾವಲಿನ ಮುದುಕ ಸಿದ್ದಪ್ಪ ಆಗಲೇ ಬೀಗ ಹಿಡಿದು ನಿಂತಿದ್ದ. ಹತ್ತು ನಿಮಿಷ ಎಂದು ಹೇಳಿ ಒಪ್ಪಿಸಿದೆ.

"ನೋಡ್ಕೊಂಡ್ ಬನ್ನಿ. ಕೊನೇ ಕೋಣೇಲಿ ಟವಲ್ ಮಾತ್ರ ಮುಟ್ಬೇಡಿ ಕಣಪ್ಪ," ಎಂದು ಬಾಗಿಲಲ್ಲೇ ಕುಳಿತ.

ಒಳಗೆ ನುಸಿಗುಳಿಗೆಯ ವಾಸನೆ. ಮಬ್ಬು ಬಲ್ಬು. ಗೋಡೆ ತುಂಬ ಚಿನ್ನದ ರೇಕಿನ ದೇವರ ಪಟಗಳು. ನನಗೆ ಪಟ ಕಾಣಲಿಲ್ಲ, ಬೆಲೆ ಕಂಡಿತು. ಇದು ಇಷ್ಟಕ್ಕೆ ಹೋಗುತ್ತದೆ, ಅದು ಅಷ್ಟಕ್ಕೆ ಎಂದು ಪ್ರತಿಯೊಂದರ ಮುಂದೆಯೂ ಹೇಳುತ್ತಾ ಬಂದೆ. ಪಾರ್ವತಿಗೆ ಸಾಕಾಗಿತ್ತು.

ಕೊನೆಯ ಕೋಣೆಯಲ್ಲಿ ಒಂದೇ ದೊಡ್ಡ ಚಿತ್ರ. ತೀರಿಹೋದ ಆ ಸಾಹುಕಾರರದ್ದು. ಬಿಳಿ ಮೀಸೆ, ಅರೆಮುಚ್ಚಿದ ಕಣ್ಣು. ಬಲಗೈ ಮಾತ್ರ ಕಾಣುವುದಿಲ್ಲ, ಅದರ ಮೇಲೆ ಟವೆಲ್ ಹೊದಿಸಿದಂತೆ ಬರೆದಿದ್ದರು. ಚಿತ್ರದ ಕೆಳಗೆ ಅವರ ಕುರ್ಚಿ. ಕುರ್ಚಿಯ ಕೈ ಮೇಲೆ ಅದೇ ಕೆಂಪಂಚಿನ ಟವೆಲ್.

ಆಗಿನ ವ್ಯಾಪಾರ ನಿಮಗೆ ಗೊತ್ತಿರಲಿಕ್ಕಿಲ್ಲ. ಬೆಲೆಯನ್ನು ಬಾಯಲ್ಲಿ ಹೇಳುತ್ತಿರಲಿಲ್ಲ. ಇಬ್ಬರೂ ಟವೆಲ್ಲಿನ ಕೆಳಗೆ ಕೈ ಇಡುವುದು, ಎಷ್ಟು ಬೆರಳು ಹಿಡಿದರೆ ಅಷ್ಟು ಬೆಲೆ. ಒಪ್ಪಿಗೆಯಾದರೆ ಅಂಗೈ ಒತ್ತುವುದು. ಸರಕು ಎದುರಿಗೇ ಇರುತ್ತದೆ. ಸುತ್ತ ನಿಂತವರಿಗೆ ಏನೂ ತಿಳಿಯುವುದಿಲ್ಲ.

ಇದನ್ನೇ ಪಾರ್ವತಿಗೆ ವಿವರಿಸುತ್ತಿದ್ದೆ. ಅವಳು ನಕ್ಕಳು.

"ಕಂಡಿದ್ದಕ್ಕೆಲ್ಲಾ ರೇಟ್ ಕಟ್ತೀರಲ್ಲ... ನಂಗೆಷ್ಟು ಕಟ್ತೀರಿ?"

"ಬಾ, ಎದುರಿಗೆ ನಿಂತ್ಕೋ. ಹೇಳ್ತೀನಿ," ಎಂದೆ. ಸಿದ್ದಪ್ಪನ ಮಾತು ನೆನಪಿತ್ತು. ಆದರೂ ತಮಾಷೆಗೆ ಟವೆಲ್ಲಿನ ಕೆಳಗೆ ಕೈ ತೂರಿಸಿದೆ.

ಕರೆಂಟು ಹೋಯಿತು.

ಆ ಕಾಲದಲ್ಲಿ ಕರೆಂಟು ಹೋಗುವುದು ದೊಡ್ಡ ಸುದ್ದಿಯಲ್ಲ. ಸುಮ್ಮನೆ ನಿಂತೆ. ಹೊರಗೆ ತೆಂಗಿನ ಗರಿಗಳ ಸರಸರ ಸದ್ದು. ಆಗಷ್ಟೇ ಒಡೆದ ಕೊಬ್ಬರಿಯ ಸಿಹಿ ವಾಸನೆ ಎಲ್ಲಿಂದಲೋ ಬಂತು...

ಟವೆಲ್ಲಿನ ಕೆಳಗೆ ಯಾರೋ ನನ್ನ ಬೆರಳು ಹಿಡಿದರು.

ಒಣಗಿದ ಕೈ. ಕಾಯಿ ಸಿಪ್ಪೆಯಂತೆ ಒರಟು. ತಣ್ಣಗೆ. ನಾಲ್ಕು ಬೆರಳನ್ನು ಸರಿಯಾಗಿ ಎಣಿಸಿ ಹಿಡಿಯಿತು. ನಾಲ್ಕು.

ಇಲ್ಲಿ ನನ್ನ ತಪ್ಪು ಕೇಳಿ. ಬೇರೆಯವನಾಗಿದ್ದರೆ ಕಿರುಚಿ ಕೈ ಕಿತ್ತುಕೊಳ್ಳುತ್ತಿದ್ದ. ನನ್ನದು ಹದಿನೈದು ವರ್ಷ ಪಳಗಿದ ಕೈ. ಯಾರಾದರೂ ನಾಲ್ಕು ಎಂದರೆ ಅದು ತಾನಾಗಿಯೇ ಐದು ಎನ್ನುತ್ತದೆ. ಆ ಕೈಯ ಐದೂ ಬೆರಳನ್ನು ಹಿಡಿದುಬಿಟ್ಟೆ.

ಒಂದು ಕ್ಷಣ ಅದು ಸುಮ್ಮನಿತ್ತು. ಆಮೇಲೆ ನನ್ನ ಅಂಗೈಯನ್ನು ಬಲವಾಗಿ ಒತ್ತಿತು.

ವ್ಯಾಪಾರ ಕುದುರಿತ್ತು. ಹೆಚ್ಚು ಕೇಳಿದವನು ನಾನು, ಎಂದರೆ ಮಾರಿದವನು ನಾನು. ಏನನ್ನು ಮಾರಿದೆ...? ಎದುರಿಗೆ ಯಾರು ನಿಂತಿದ್ದಾರೆ ಎಂದು ಹೊಳೆದಾಗ ಕೈ ಕಿತ್ತುಕೊಂಡೆ.

"ಪಾರ್ವತೀ..." ಎಂದೆ. ಮತ್ತೆ ಕರೆದೆ. ಕೊಬ್ಬರಿಯ ವಾಸನೆ ಮಾತ್ರ ದಟ್ಟವಾಯಿತು.

ಬಾಗಿಲ ಕಡೆಯಿಂದ ಲಾಟೀನು ಬಂತು. ಪಾರ್ವತಿ ನಿಂತಲ್ಲೇ ನಿಂತಿದ್ದಳು, ಸೆರಗನ್ನು ಬಿಗಿಯಾಗಿ ಹಿಡಿದುಕೊಂಡು. ಸಿದ್ದಪ್ಪ ನನ್ನ ಮುಖ ನೋಡಿದ, ಕುರ್ಚಿ ನೋಡಿದ. ನನ್ನನ್ನು ಪಕ್ಕಕ್ಕೆ ಕರೆದು ಪಿಸುಗುಟ್ಟಿದ.

"ಅವ್ರು ಕೈ ಒತ್ತಿದ್ರಾ?"

ತಲೆಯಾಡಿಸಿದೆ.

"ಮುಂಗಡ ಈಸ್ಕೊಂಡ್ಯಾ?"

"ಇಲ್ಲ ತಾತ."

"ಹಂಗಾದ್ರೆ ಬುಡು. ಮುಂಗಡ ಮುಟ್ಟದೆ ವ್ಯಾಪಾರ ಮುಗಿಯಾಕಿಲ್ಲ. ಈ ಮನೆಯಿಂದ ಒಂದು ಹುಲ್ಲುಕಡ್ಡೀನೂ ತಗಂಡೋಗ್ಬೇಡ. ನಡಿ."

ಹೋದ ಜೀವ ಬಂದಂತಾಯಿತು. ಮಾತು ಅಪ್ಪಟ ಮಂಡಿಯ ಮಾತು, ನಾನು ನಂಬಿದೆ. ರಸ್ತೆಯವರೆಗೂ ಪಾರ್ವತಿಯ ಕೈ ಬಿಡಲಿಲ್ಲ. ಬಸ್ಸಿಗೆ ಕಾಯುತ್ತಾ ನಿಂತಾಗ ಅವಳು ಸೆರಗಿನ ಗಂಟು ಬಿಚ್ಚಿದಳು.

"ಆ ತಾತ ಒಳ್ಳೇರು ಕಣ್ರೀ. ಕತ್ತಲಲ್ಲೇ ಬಂದು ಇದನ್ನ ಕೊಟ್ರು."

ಎದುರು ಬಂದ ಲಾರಿಯ ಬೆಳಕಿನಲ್ಲಿ ನೋಡಿದೆ. ಬೆಳ್ಳಗಿನ ಕೊಬ್ಬರಿ ಬಟ್ಟಲು. ಮುತ್ತೈದೆಗೆ ಉಡಿಯಲ್ಲಿ ಹಾಕುವಂಥದ್ದು.

"ಸಿದ್ದಪ್ಪ ಲಾಟೀನು ತಂದಿದ್ದು ಆಮೇಲಲ್ವೇನೇ?"

"ಅವರಲ್ಲ... ಕುರ್ಚಿ ಮೇಲೆ ಕೂತಿದ್ರಲ್ಲ, ಅವರು. ನೀವು ಕೂಗಿದಾಗ ಮಾತಾಡ್ಬೇಡ ಅಂತ ಸನ್ನೆ ಮಾಡಿದ್ರು."

ಆ ಕಗ್ಗತ್ತಲಲ್ಲಿ ಸನ್ನೆ ಹೇಗೆ ಕಂಡಿತು ಎಂದು ನಾನು ಕೇಳಲಿಲ್ಲ.

ಬೆಳಿಗ್ಗೆ ಬಟ್ಟಲನ್ನು ಕಾಗದದಲ್ಲಿ ಸುತ್ತಿಕೊಂಡು ಒಬ್ಬನೇ ಹೋದೆ. ಸಿದ್ದಪ್ಪ ಎರಡು ಹೆಜ್ಜೆ ಹಿಂದೆ ಸರಿದ. ತಾನು ಬರೀ ಕಾವಲಿನವನು, ಕೊಟ್ಟವರ ಕೈಗೇ ಕೊಡಬೇಕು ಎಂದ. ಕೊನೆಯ ಕೋಣೆಯವರೆಗೆ ಹೋದೆ. ಕಿಟಕಿಯಿಂದ ಒಳ್ಳೆ ಬಿಸಿಲು ಬಿದ್ದಿತ್ತು. ಕುರ್ಚಿಯ ಮೇಲಿನ ಟವೆಲ್ ಚಪ್ಪಟೆಯಾಗಿರಲಿಲ್ಲ. ನಡುವೆ ಉಬ್ಬಿತ್ತು, ಚಿತ್ರದಲ್ಲಿ ಇರುವ ಹಾಗೆಯೇ... ಕೆಳಗೊಂದು ಕೈ ಕಾಯುತ್ತಿರುವಂತೆ.

ಓಡಿ ಬಂದೆ. ಬಟ್ಟಲು ನನ್ನ ಹತ್ತಿರವೇ ಉಳಿಯಿತು.

ಇದಾಗಿ ನಲವತ್ತು ವರ್ಷ ದಾಟಿತು. ಕೊಬ್ಬರಿಯ ವಿಷಯ ನನ್ನನ್ನು ಕೇಳಿ: ಎಷ್ಟೇ ಜೋಪಾನ ಮಾಡಿದರೂ ವರ್ಷದೊಳಗೆ ಕಮಟು ಹಿಡಿಯುತ್ತದೆ, ಹುಳು ಬೀಳುತ್ತದೆ. ಅಟ್ಟದ ಮೇಲಿನ ಆ ಬಟ್ಟಲು ಇವತ್ತಿಗೂ ಬೆಳ್ಳಗಿದೆ, ಆ ದಿನದ ವಾಸನೆಯೇ ಇದೆ. ಬಿಸಾಡಲು ಧೈರ್ಯವಿಲ್ಲ.

ನಿಮಗೊಂದು ಬುದ್ಧಿಮಾತು. ದೊಡ್ಡವರ ಮನೆಯ ವಸ್ತುಗಳನ್ನು ಕಣ್ಣಲ್ಲಿ ನೋಡಿ, ಬೆಲೆ ಕಟ್ಟಬೇಡಿ. ಕಟ್ಟಿದರೂ ಕೈ ಚಾಚಬೇಡಿ.

ಪಾರ್ವತಿ ಚೆನ್ನಾಗಿದ್ದಾಳೆ. ಮುಂಗಡ ಮುಟ್ಟಿದೆ, ಸರಕು ಒಯ್ಯಲು ಇನ್ನೂ ಯಾರೂ ಬಂದಿಲ್ಲ, ಅಷ್ಟೇ. ಹೊತ್ತು ಮುಳುಗಿದ ಮೇಲೆ ಯಾರಾದರೂ ಬಾಗಿಲು ತಟ್ಟಿದರೆ ಅವಳನ್ನು ಒಳಕೋಣೆಗೆ ಕಳಿಸಿ ನಾನೇ ಹೋಗುತ್ತೇನೆ. ಬಂದವರ ಹೆಗಲ ಮೇಲೆ ಟವೆಲ್ ಇದ್ದರೆ, ನನ್ನ ಎರಡೂ ಕೈ ಬೆನ್ನ ಹಿಂದೆ ಇರುತ್ತವೆ.