ಎಲೇನ್ ಆಂಟಿಯ ಹೆದರಿಕೆ

ಗಂಡನ ಕಾರು ನಮ್ಮ ಬಡಾವಣೆಯ ತಿರುವು ದಾಟಿ ಮರೆಯಾಗುವವರೆಗೆ ಪಕ್ಕದ ಮನೆಯ ಎಲೇನ್ ಆಂಟಿ ಡ್ರೈವ್‌ವೇಯಲ್ಲಿ ನಿಂತಿರುತ್ತಿದ್ದರು. ಮರೆಯಾದ ಮೇಲೂ ಒಂದೆರಡು ನಿಮಿಷ ಅಲ್ಲೇ. ಜನವರಿಯಲ್ಲಿ ಫ್ಯಾರನ್‌ಹೀಟ್ ಸೊನ್ನೆಗಿಂತ ಕೆಳಗಿಳಿದ ಬೆಳಗ್ಗೆಯೂ ಅಷ್ಟೇ. ನೈಟಿಯ ಮೇಲೆ ದಪ್ಪ ಕೋಟು, ಕಾಲಿಗೆ ಗಂಡನ ಸ್ನೋ ಬೂಟು. ಮದುವೆಯಾಗಿ ಮೈಸೂರಿನಿಂದ ಮಿಷಿಗನ್ನಿನ ಸ್ಟರ್ಲಿಂಗ್ ಹೈಟ್ಸಿಗೆ ಬಂದ ಮೊದಲ ವಾರ ಕಿಟಕಿಯಿಂದ ಇದನ್ನು ನೋಡಿ, ಎಂಥ ಪ್ರೀತಿ ಅಂದುಕೊಂಡಿದ್ದೆ. ಪ್ರೀತಿಯೇ ಹೌದು. ಆದರೆ ಅದರಲ್ಲಿ ಮುಕ್ಕಾಲು ಪಾಲು ಭಯ ಎಂದು ತಿಳಿಯಲು ನನಗೆ ಎರಡು ವರ್ಷ ಬೇಕಾಯಿತು.

ಆಂಟಿ ಯೂಟಾದವರು, ಮಾರ್ಮನ್ ಎಂಬ ಕ್ರೈಸ್ತ ಪಂಥದ ಮನೆತನ. ಗಂಡ ಬಸವರಾಜ ಅಂಕಲ್ ಗದಗಿನ ಕಡೆಯ ಲಿಂಗಾಯತರು, ಕಾರಿನ ಬಾಗಿಲು ತಯಾರಿಸುವ ಕಾರ್ಖಾನೆಯಲ್ಲಿ ಎಂಜಿನಿಯರ್. ಅವರಿಬ್ಬರೂ ಮಾತಾಡಿಕೊಳ್ಳುತ್ತಿದ್ದದ್ದು ಇಂಗ್ಲಿಷಿನಲ್ಲೇ. ಆಂಟಿಗೆ ಕನ್ನಡ ಬಾರದು, ನನ್ನ ಜೊತೆಗೂ ಇಂಗ್ಲಿಷೇ. ಊರಿನವರು ಕರೆಯುವ 'ಬಸು' ಆಂಟಿಯ ನಾಲಿಗೆಯಲ್ಲಿ 'ಬಾಸ್' ಆಗಿತ್ತು. ಕೇಳಿದವರೆಲ್ಲ, ಅಮೆರಿಕದ ಹೆಂಗಸಾದರೂ ಗಂಡನಿಗೆ ಎಷ್ಟು ಅಂಜುತ್ತಾಳೆ ಎಂದು ನಗುತ್ತಿದ್ದರು. ಅಂಕಲ್ ಮಾತ್ರ, "ಬಾಸ್ ಅಂತ ಕರೀತಾಳ, ಒಂದು ಮಾತು ಕೇಳೂದಿಲ್ಲ" ಅನ್ನುತ್ತಿದ್ದರು.

ಆಂಟಿಯ ಧರ್ಮದಲ್ಲಿ ಕಾಫಿ, ಟೀ ಎರಡೂ ನಿಷಿದ್ಧ. ಆದರೂ ಆಂಟಿ ದಿನಾ ಬೆಳಗ್ಗೆ ಗಂಡನಿಗಾಗಿ ಸ್ಟೀಲ್ ಫಿಲ್ಟರಿನಲ್ಲಿ ಡಿಕಾಕ್ಷನ್ ಇಳಿಸುತ್ತಿದ್ದರು. ಒಂದು ತೊಟ್ಟೂ ಬಾಯಿಗೆ ಹಾಕದೆ, ಮೂಗಿನಿಂದಲೇ ಹದ ಹೇಳುತ್ತಿದ್ದರು. "ಇವತ್ತು ಸ್ವಲ್ಪ ತೆಳು" ಅಂದರೆ ತೆಳುವೇ. ಒಮ್ಮೆ ನಾನು, "ರುಚಿ ನೋಡಬೇಕು ಅಂತ ಅನ್ಸೋದೇ ಇಲ್ವಾ ಆಂಟಿ?" ಎಂದು ಕೇಳಿದೆ. "ಅನ್ಸುತ್ತೆ. ಆದ್ರೆ ನಾನು ಈಗಾಗಲೇ ಒಂದು ದೊಡ್ಡ ನಿಯಮ ಮುರಿದಿದೀನಿ. ಚಿಕ್ಕದನ್ನಾದರೂ ಉಳಿಸ್ಕೋಬೇಕು" ಅಂದರು. ಆ ದೊಡ್ಡ ನಿಯಮ ಯಾವುದೆಂದು ಕೇಳುವ ಧೈರ್ಯ ನನಗಾಗಲಿಲ್ಲ.

ಅದು ಗೊತ್ತಾದದ್ದು ಒಂದು ಜೂನ್ ಸಂಜೆ. ಸುಂಟರಗಾಳಿಯ ಸೈರನ್ ಕೂಗಿದಾಗ ನನ್ನ ಗಂಡ ಡೆಟ್ರಾಯಿಟಿನಲ್ಲಿದ್ದರು. ಸೈರನ್ನನ್ನು ನಾನು ಕೇಳಿದ್ದು ಅದೇ ಮೊದಲು. ಆಕಾಶ ಹಸಿರು ಬಣ್ಣಕ್ಕೆ ತಿರುಗಿತ್ತು. ಆಂಟಿ ಹುಲ್ಲುಹಾಸಿನ ಮೇಲೆ ಓಡಿಬಂದು ನನ್ನ ಕೈ ಹಿಡಿದು ಎಳೆದುಕೊಂಡು ಹೋಗಿ ತಮ್ಮ ಬೇಸ್‌ಮೆಂಟಿನಲ್ಲಿ ಕೂರಿಸಿದರು. ಕಷ್ಟಕಾಲಕ್ಕೆಂದು ಕೂಡಿಟ್ಟ ವರ್ಷದ ದವಸ ಅಲ್ಲಿತ್ತು. ನೀಲಿ ಪೀಪಾಯಿಗಳಲ್ಲಿ ಗೋಧಿ, ಓಟ್ಸ್, ಹುರುಳಿಕಾಯಿಯ ಡಬ್ಬಗಳು. ಒಂದು ಪೀಪಾಯಿಯ ತುಂಬ ಅಂಕಲ್‌ಗಾಗಿ ಜೋಳ. ಆಂಟಿ ನಮ್ಮನ್ನು ಎಣಿಸಿದರು. ಇದ್ದದ್ದು ಮೂವರೇ, ಮತ್ತೆ ಎಣಿಸಿದರು. ಅಂಕಲ್ ಹಳೆಯ ಸೋಫಾದ ಮೇಲೆ ಕಾಲು ಚಾಚಿ, "ಗಾಳಿ ಬರ್ತೈತಿ, ಹೊಕ್ಕೈತಿ" ಎಂದು ಕಣ್ಣು ಮುಚ್ಚಿದರು. ಮೇಲೆ ಮನೆಯ ಗೋಡೆಗಳು ನರಳುತ್ತಿದ್ದವು. ಆಂಟಿಯ ಬೆರಳುಗಳು ಗಂಡನ ಮಣಿಕಟ್ಟನ್ನು ಬಿಡಲೇ ಇಲ್ಲ.

"ಸಾಯೋಕೆ ಹೆದರಿಕೆ ಇಲ್ಲ ಸುಮಾ," ಅಂದರು ಮೆಲ್ಲಗೆ. "ಆಮೇಲಿಂದಕ್ಕೆ ಹೆದರಿಕೆ."

ಮಾರ್ಮನ್ನರಲ್ಲಿ, ಇಬ್ಬರೂ ಅದೇ ಸಭೆಗೆ, ಅಂದರೆ ಚರ್ಚಿಗೆ, ಸೇರಿದವರಾಗಿ ದೇವಾಲಯದೊಳಗೆ ಮದುವೆಯಾದರೆ ಆ ನಂಟು ಸತ್ತ ಮೇಲೂ ನಿಲ್ಲುತ್ತದೆ. ಹೊರಗಿನವರನ್ನು ಕಟ್ಟಿಕೊಂಡರೆ ಈ ಲೋಕದ ಮಟ್ಟಿಗೆ ಮಾತ್ರ. ಆಂಟಿ ಕೋರ್ಟಿನಲ್ಲಿ ಮದುವೆಯಾದ ದಿನ ಅವರ ತಾಯಿ ಯೂಟಾದಿಂದ ಫೋನ್ ಮಾಡಿ, "ನಿಂದು ಸಾವಿನ ತನಕದ ಮದುವೆ. ಆಮೇಲೆ ಅವನ್ಯಾರೋ, ನೀನ್ಯಾರೋ" ಅಂದರಂತೆ. ಶಾಪ ಹಾಕಲು ಹೇಳಿದ ಮಾತಲ್ಲ ಅದು, ಅಳುತ್ತಾ ಹೇಳಿದ್ದು. ಅಂದಿನಿಂದ ಗಂಡ ಕೆಮ್ಮಿದರೂ ಆಂಟಿಗೆ ಜೀವ ಬಾಯಿಗೆ ಬರುತ್ತಿತ್ತು.

ಅವರನ್ನು ಸಮಾಧಾನ ಮಾಡಲು ನಾನು, "ನಮ್ಮಲ್ಲಿ ಏಳೇಳು ಜನ್ಮಕ್ಕೂ ಅದೇ ಗಂಡ ಅಂತಾರೆ ಆಂಟಿ" ಅಂದೆ. ಅವರು ಗಂಭೀರವಾಗಿ, "ಹೌದಾ? ಅದಕ್ಕೆ ಬೇರೆ ಏನೂ ಮಾಡ್ಬೇಕಿಲ್ವಾ? ಯಾರನ್ನೂ ಕೇಳ್ಬೇಕಿಲ್ವಾ?" ಎಂದರು. ಅವರ ಮುಖದಲ್ಲಿ ಆಸೆ ಕಂಡಿತು. ನಿದ್ದೆ ಮಾಡುತ್ತಿದ್ದಾರೆ ಅಂದುಕೊಂಡಿದ್ದ ಅಂಕಲ್ ಕಣ್ಣು ತೆರೆಯದೆಯೇ ಕನ್ನಡದಲ್ಲಿ, "ಅದು ನಿಮ್ಮ ಪೈಕಿ ಇರಬೇಕು. ನಂದು ಇದೊಂದ ಜನ್ಮ, ಆಮ್ಯಾಲೆ ಲಿಂಗದಾಗ ಕೂಡೂದು. ಮುಗೀತು" ಎಂದರು. ಏನೆಂದರು ಎಂದು ಆಂಟಿ ಕೇಳಿದರು. "ಗಾಳಿ ಕಡಿಮೆ ಆಯ್ತು ಅಂತಿದಾರೆ" ಎಂದುಬಿಟ್ಟೆ. ನಾನು ಅವರಿಬ್ಬರ ನಡುವೆ ನುಂಗಿದ ಮೊದಲ ಮಾತು ಅದು.

ಎರಡನೆಯದು ಅವರ ಒಬ್ಬಳೇ ಮಗಳು ಲೀನಾಳ ಮದುವೆಯ ದಿನದ್ದು. ಲೀನಾ ತಾಯಿಯ ಧರ್ಮವನ್ನೇ ಹಿಡಿದಳು, ಆ ಸಭೆಯ ಹುಡುಗನನ್ನೇ ಒಪ್ಪಿದಳು. ಇಪ್ಪತ್ತು ಮೈಲಿ ಆಚೆಯ ದೇವಾಲಯದಲ್ಲಿ ಮದುವೆ. ಒಳಗೆ ಹೋಗಲು ಸಭೆಯವರಿಗೆ ಮಾತ್ರ ಅಪ್ಪಣೆ. ತಾಯಿ ಒಳಗೆ ಹೋದರು. ಹೊಸ ಸೂಟು ಹಾಕಿಕೊಂಡ ಅಪ್ಪ ಹೊರಗೆ, ಹೂಗಿಡಗಳ ಪಕ್ಕದ ಬೆಂಚಿನ ಮೇಲೆ. ಒಬ್ಬರೇ ಕೂರಬಾರದೆಂದು ಆಂಟಿ ನನ್ನನ್ನು ಕರೆದುಕೊಂಡು ಬಂದಿದ್ದರು. ಅಂಕಲ್ ಮುಚ್ಚಿದ ಬಾಗಿಲನ್ನು ನೋಡುತ್ತಾ, "ಮಗಳ ಮದ್ವಿಗೆ ಅಪ್ಪ ಬಾಗಲದ ಹೊರಗ. ನಮ್ಮೂರಾಗ ಹೇಳಿದ್ರ ಯಾರೂ ನಂಬೂದಿಲ್ಲವ್ವಾ" ಅಂದರು. ಕರವಸ್ತ್ರ ತೆಗೆದು ಮೂಗು ಒರೆಸಿಕೊಂಡರು. "ಆಕಿ ಮುಂದ ಹೇಳಬ್ಯಾಡ ಮತ್ತ. ಮೊದಲ ಅಂಜುಬುರಕಿ."

ಆಂಟಿ ಹೊರಗೆ ಬಂದವರು ಮದುಮಗಳನ್ನೂ ಕಾಯದೆ ನೇರವಾಗಿ ಬೆಂಚಿನ ಬಳಿ ಬಂದರು. ಅವರು ಬಿಳಿಚಿಕೊಂಡಿದ್ದರು. ಒಳಗೆ ಹೆಣ್ಣು ಗಂಡು ಎದುರುಬದುರು ಮಂಡಿಯೂರಿ ಕೈ ಹಿಡಿದುಕೊಂಡಾಗ, ತಮ್ಮ ಪಕ್ಕದ ಕುರ್ಚಿ ಖಾಲಿ ಇತ್ತು ಎಂದು ಆಮೇಲೆ ನನಗೆ ಹೇಳಿದರು. "ಅಲ್ಲೂ ಹೀಗೇ ಇರುತ್ತಾ ಅಂತ ಅನ್ಸಿತು ಸುಮಾ. ಎಲ್ಲರೂ ಇದಾರೆ, ನನ್ನ ಪಕ್ಕದಲ್ಲಿ ಮಾತ್ರ ಯಾರೂ ಇಲ್ಲ."

ಅದಾಗಿ ಮೂರು ವರ್ಷಕ್ಕೆ ಅಂಕಲ್‌ಗೆ ಸ್ಟ್ರೋಕ್ ಆಯಿತು. ನಾನು ಆಸ್ಪತ್ರೆಗೆ ಹೋಗುವಷ್ಟರಲ್ಲಿ ಆಂಟಿ ಕಾರಿಡಾರಿನಲ್ಲಿ ಗೋಡೆಗೆ ಒರಗಿ ನಿಂತಿದ್ದರು. ನನ್ನನ್ನು ಕಂಡದ್ದೇ ಎರಡೂ ತೋಳು ಹಿಡಿದುಕೊಂಡು, "ಅವನು ಮಾತಾಡ್ತಿದಾನೆ, ನನಗೆ ಅರ್ಥ ಆಗ್ತಿಲ್ಲ" ಅಂದರು. ಒಳಗೆ ಹೋದೆ. ಅಂಕಲ್‌ಗೆ ಇಂಗ್ಲಿಷ್ ಪೂರ್ತಿ ಹೋಗಿತ್ತು. ಮೂವತ್ತನಾಲ್ಕು ವರ್ಷ ಹೆಂಡತಿಯ ಜೊತೆ ಆಡಿದ ಭಾಷೆ ಒರೆಸಿಹೋಗಿ, ಗದಗಿನ ಮಾತು ಮಾತ್ರ ತೊದಲುತ್ತಾ ಉಳಿದಿತ್ತು. ಕೆಲವರಿಗೆ ಹೀಗಾಗುತ್ತದೆ, ವಾಪಸು ಬಂದರೂ ಬರಬಹುದು ಎಂದು ಡಾಕ್ಟರು ಹೇಳಿದರು. ಅಂಕಲ್ ಎಡಗೈಯಿಂದ ಎದೆ ತಡಕಾಡುತ್ತಾ, "ಲಿಂಗ ಎಲ್ಲೈತಿ? ಎಲ್ಲಿ ಇಟ್ಟಾರ?" ಎಂದು ಒದ್ದಾಡುತ್ತಿದ್ದರು. ಸ್ಕ್ಯಾನಿಗೆ ಹೋಗುವಾಗ ನರ್ಸ್ ತೆಗೆದಿಟ್ಟಿದ್ದ ಲಿಂಗದ ಕರಡಿಗೆಯನ್ನು ಕೇಳಿ ತಂದು ಕೊರಳಿಗೆ ಹಾಕಿದೆ. ಆಮೇಲೆಯೇ ಅವರ ಉಸಿರು ತಹಬಂದಿಗೆ ಬಂದದ್ದು.

ಆಗಿನಿಂದ ಆ ಗಂಡ ಹೆಂಡತಿಯ ನಡುವಿನ ನಾಲಿಗೆ ನಾನಾದೆ. ನೀರು ಬೇಕಂತೆ, ದಿಂಬು ಎತ್ತರ ಆಯ್ತಂತೆ, ಲೀನಾ ಷಿಕಾಗೋದಿಂದ ಹೊರಟಿದ್ದಾಳಂತೆ. ಮೂರನೆಯ ದಿನ ಮಧ್ಯಾಹ್ನ ಆಂಟಿ ಬಾಗಿಲು ಮುಂದೆ ಮಾಡಿ ಬಂದು ಕೂತರು.

"ಒಂದು ಕೇಳ್ಬೇಕು. ಇಷ್ಟು ವರ್ಷ ಹೆದರಿ ಕೇಳಿಲ್ಲ. ಇಂಗ್ಲಿಷ್ ಇದ್ದಾಗಲೇ ಕೇಳ್ಬೇಕಿತ್ತು. ಈಗ ನೀನೇ ಕೇಳು."

ಅವರಲ್ಲಿ ಸತ್ತವರ ಹೆಸರಿನಲ್ಲಿ ಬದುಕಿರುವವರೊಬ್ಬರು ನಿಂತು ದೀಕ್ಷಾಸ್ನಾನ ಪಡೆಯಬಹುದು. ಆಮೇಲೆ ಆ ಮದುವೆಯನ್ನೂ ಶಾಶ್ವತ ಮಾಡಬಹುದು. ಹಾಗೆ ಮಾಡಲೇ ಎಂಬುದು ಆಂಟಿಯ ಪ್ರಶ್ನೆ. ಬದುಕಿರುವ ಮನುಷ್ಯನಿಗೆ ಅವರ ಸಾವಿನ ನಂತರದ ಮಾತನ್ನು ಹೇಗೆ ಕೇಳುವುದು? ಅವರ ಕಿವಿಯ ಬಳಿ ಬಾಗಿದೆ.

"ಅಂಕಲ್, ಆಂಟಿ ಕೇಳ್ತಿದಾರೆ. ನೀವು... ನೀವು ಹೋದ್ಮೇಲೆ, ಅವರ ದೇವಸ್ಥಾನದಲ್ಲಿ ನಿಮ್ಮ ಹೆಸರಲ್ಲಿ ದೀಕ್ಷೆ ಮಾಡಿಸ್ಬಹುದಾ ಅಂತ. ಆಗ ಅಲ್ಲೂ ಇಬ್ಬರೂ ಜೊತೇಲೇ ಇರ್ತೀರಂತೆ."

ಅಂಕಲ್ ಛಾವಣಿ ನೋಡಿದರು. ಮೂರು ದಿನದಿಂದ ತೊದಲುತ್ತಿದ್ದ ಬಾಯಿ ಆಗ ಸ್ಪಷ್ಟವಾಗಿ ಆಡಿತು.

"ಒಲ್ಲೆ."

ಕಣ್ಣು ಮುಚ್ಚಿದರು. ಸ್ವಲ್ಪ ಹೊತ್ತಿನ ಮೇಲೆ ತೆರೆದು ಹೆಂಡತಿಯತ್ತ ಹೊರಳಿದರು. ಸ್ವಾಧೀನವಿದ್ದ ಕಡೆಯ ತುಟಿ ಮೇಲಕ್ಕೆ ಹೋಯಿತು. "ಅಲ್ಲೂ ಬಿಡೂದಿಲ್ಲೇನು ಈಕಿ ನನ್ನ?"

"ಏನಂದ? ಏನಂದ ಸುಮಾ?"

ಆಂಟಿಯ ಮುಖ ನೋಡಿದೆ. ಸುಂಟರಗಾಳಿಯ ದಿನ ಕಂಡದ್ದಕ್ಕಿಂತ ದೊಡ್ಡ ಹೆದರಿಕೆ ಅಲ್ಲಿತ್ತು. ಮೊದಲ ಮಾತನ್ನು ನುಂಗಿಕೊಂಡು ಎರಡನೆಯದನ್ನಷ್ಟೇ ಹೇಳಿದೆ. "ಅಲ್ಲೂ ನನ್ನ ಬಿಡಲ್ವಾ ಇವಳು, ಅಂತಿದಾರೆ."

ಆಂಟಿ ಒಮ್ಮೆಲೇ ನಕ್ಕರು. ನಗುತ್ತಲೇ ಗಂಡನ ಕೈಗೆ ಹಣೆ ಒತ್ತಿ ಅತ್ತರು. "ಹಾಗಂದ್ರೆ ಹೂಂ ಅಂತಲಾ?"

"ಗೊತ್ತಿಲ್ಲ ಆಂಟಿ" ಅಂದೆ.

ಒಂಬತ್ತನೆಯ ದಿನ ಅಂಕಲ್ ತೀರಿಕೊಂಡರು. ಅವರ ಪದ್ಧತಿಯಂತೆ ವಿಭೂತಿ ಹಚ್ಚಿಸಿ, ಕೈಯಲ್ಲಿ ಲಿಂಗವಿಟ್ಟು ಮಣ್ಣು ಮಾಡಿಸಿದವರು ಆಂಟಿಯೇ. ತಮ್ಮ ಸಭೆಯವರು ಪ್ರಾರ್ಥನೆ ಹೇಳಲು ಮುಂದೆ ಬಂದಾಗ, "ಇವತ್ತು ಅವನ ದಿನ" ಎಂದು ತಡೆದರು.

ಹೆದರುವ ಸರದಿ ಈಗ ನನ್ನದಾಯಿತು. ಸಭೆಯ ನಿಯಮದಂತೆ, ಸತ್ತು ಒಂದು ವರ್ಷ ತುಂಬಿದ ಮೇಲೆ ಆಂಟಿ ಆ ದೀಕ್ಷೆ ಮಾಡಿಸಬಹುದಿತ್ತು. ನಾನು ಅರ್ಧ ನುಂಗಿದ ಉತ್ತರವನ್ನು ನಂಬಿ ಅವರು ಅಲ್ಲಿಗೆ ಹೋದರೆ, ಬೇಡ ಅಂದ ಮನುಷ್ಯನನ್ನು ಒಳಗೆ ತಳ್ಳಿದ ಪಾಪ ಯಾರದು? ನಿಜ ಹೇಳಿದರೆ ಆಂಟಿ ಬದುಕುವುದು ಹೇಗೆ? ಬೆಲ್ ಆದರೆ ಸಾಕು, ಆಂಟಿಯೇ ಇರಬಹುದೆಂದು ಕಿಟಕಿಯಿಂದ ಇಣುಕುತ್ತಿದ್ದೆ. ವರ್ಷ ತುಂಬಿದ ವಾರ ಅವರು ನಿಜವಾಗಿಯೂ ಬಂದರು. "ಡ್ರೈವ್ ಮಾಡ್ತೀಯಾ? ನನ್ನ ಕೈ ನಡುಗುತ್ತೆ."

ಕರೆದುಕೊಂಡು ಹೋದೆ. ದೇವಾಲಯದ ಪಾರ್ಕಿಂಗಿನಲ್ಲಿ ಆಂಟಿ ಸೀಟ್‌ಬೆಲ್ಟನ್ನೂ ಬಿಚ್ಚದೆ ಅರ್ಧ ಗಂಟೆ ಕೂತರು. ಆಮೇಲೆ "ಮನೆಗೆ ಹೋಗೋಣ" ಅಂದರು. ಮುಂದಿನ ತಿಂಗಳೂ ಹೀಗೇ ಆಯಿತು, ಅದರ ಮುಂದಿನ ತಿಂಗಳೂ. ಮೂರು ಸಲವೂ ಹೇಳಿಬಿಡಬೇಕೆಂದು ಬಾಯಿ ತೆರೆದೆ. ಮೂರು ಸಲವೂ ಹೀಟರ್ ಜಾಸ್ತಿ ಮಾಡಲೇ ಎಂದು ಕೇಳಿದೆ.

ಆ ಬೇಸಿಗೆಯಲ್ಲಿ ಆಂಟಿ ಮನೆ ಮಾರಿ, ಷಿಕಾಗೋ ಬಳಿಯ ವುಡ್‌ರಿಡ್ಜಿನಲ್ಲಿದ್ದ ಲೀನಾಳ ಮನೆಗೆ ಹೋದರು. ಎರಡು ವರ್ಷದ ನಂತರ ಅವರ ಹೃದಯ ಸೋತಿದೆ ಎಂದು ಕೇಳಿ ನೋಡಲು ಹೋದೆ. ಲೀನಾ ಕೆಲಸಕ್ಕೆ ಹೋಗಿದ್ದಳು. ಆಂಟಿ ಅಡುಗೆಮನೆಯ ಟೇಬಲ್ಲಿನ ಮುಂದೆ ಮೂಗಿಗೆ ಆಮ್ಲಜನಕದ ಕೊಳವೆ ಹಾಕಿಕೊಂಡು ಕೂತಿದ್ದರು. ಬಟ್ಟಲಷ್ಟು ಚಿಕ್ಕದಾಗಿತ್ತು ಮುಖ. ಇನ್ನು ತಡೆದುಕೊಳ್ಳಲು ನನ್ನಿಂದ ಆಗಲಿಲ್ಲ.

"ಆಂಟಿ, ಆವತ್ತು ಆಸ್ಪತ್ರೇಲಿ ಅಂಕಲ್ ಮೊದಲು ಇನ್ನೊಂದು ಮಾತು ಹೇಳಿದ್ರು. ನಾನು ನಿಮಗೆ ಹೇಳಲಿಲ್ಲ."

"ಒಲ್ಲೆ," ಅಂದರು ಆಂಟಿ.

ಅಮೆರಿಕದ ಉಚ್ಚಾರ, ಆದರೆ ಅದೇ ಪದ.

"ಕನ್ನಡದಲ್ಲಿ ನನಗೆ ಚೆನ್ನಾಗಿ ಬರೋದು ಅದೊಂದೇ ಪದ ಸುಮಾ. ಅವನ ತಟ್ಟೆಗೆ ಇನ್ನೊಂದು ಚಪಾತಿ ಹಾಕೋಕೆ ಹೋದಾಗಲೆಲ್ಲ ಹಾಗೇ ಅಂತಿದ್ದ. ಮೂವತ್ತನಾಲ್ಕು ವರ್ಷ."

"ಹಾಕಿದ್ರೆ?"

"ಹಾಕಿದ್ರೆ ತಿಂತಿದ್ದ." ಮೂಗಿನ ಕೊಳವೆ ಸರಿಮಾಡಿಕೊಂಡರು. "ಆದ್ರೆ ಇದು ಚಪಾತಿ ಅಲ್ವಲ್ಲ."

ನಾನು ಅಳಲು ಶುರುಮಾಡಿದೆ. ಅವರು ನನ್ನ ಕೈ ತಟ್ಟಿದರು. "ನೀನು ಯಾಕೆ ಹೇಳಲಿಲ್ಲ ಅಂತ ಗೊತ್ತು. ನಿನ್ನ ಮುಖ ನೋಡಿದ್ರೆ ಬೈಯೋಕೂ ಆಗಲ್ಲ. ಎಷ್ಟು ಹೆದರಿಕೊಂಡಿದ್ದೆ ನೀನು! ಕೇಳು, ನಮ್ಮಲ್ಲಿ ಬಲವಂತ ಇಲ್ಲ. ಇಲ್ಲಿ ಏನೇ ಮಾಡಿಸಿದ್ರೂ ಅಲ್ಲಿ ಅವನು ಒಪ್ಪಬಹುದು, ಬಿಡಬಹುದು. ಅದಕ್ಕೇ ಮೂರು ಸಲ ಹೋದೆ. ಆದ್ರೆ ಅಲ್ಲಿ ನನ್ನ ಪರವಾಗಿ ಯಾರೋ ಕೇಳಿ, ಅವನು ಒಲ್ಲೆ ಅಂದು, ಅದು ನನಗೆ ಗೊತ್ತೇ ಆಗದೆ ಹೋದ್ರೆ? ಬೇಡ. ನಾನೇ ಹೋಗಿ ಕೇಳ್ತೀನಿ. ನನ್ನ ನಂತರ ನೀನೂ ಮಾಡಿಸ್ಬೇಡ ಅಂತ ಲೀನಾ ಹತ್ರ ಮಾತು ತಗೊಂಡಿದೀನಿ."

"ಹೆದರಿಕೆ ಆಗಲ್ವಾ ಆಂಟಿ?"

"ಆಗುತ್ತೆ. ತುಂಬಾ," ಅಂದರು.

ಅಕ್ಟೋಬರಿನಲ್ಲಿ ಅವರನ್ನು ಮಿಷಿಗನ್ನಿಗೆ ತಂದು ಗಂಡನ ಪಕ್ಕದಲ್ಲಿ ಮಣ್ಣು ಮಾಡಿದರು. ಎಲ್ಲರೂ ಕಾರುಗಳತ್ತ ಹೋದ ಮೇಲೆ ಲೀನಾ ನನ್ನ ಬಳಿ ಬಂದು ನಿಂತಳು. ಅಮ್ಮ ತನ್ನಿಂದ ಯಾಕೆ ಅಂಥ ಮಾತು ತೆಗೆದುಕೊಂಡಳು, ಅಪ್ಪ ಏನಾದರೂ ಹೇಳಿದ್ದರಾ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಅಪ್ಪನ ಹುಬ್ಬು, ಅಮ್ಮನ ಹೆದರಿದ ಕಣ್ಣು ಅವಳದು.

ಅವಳನ್ನು ಹುಲ್ಲಿನ ಮೇಲೆ ಕೂರಿಸಿಕೊಂಡು, ಈ ಸಲ ಒಂದು ಮಾತನ್ನೂ ಬಿಡದೆ ಹೇಳಿದೆ.