ಒದ್ದೆ ಕೈಗೊಂದು ಮದ್ದು

ಔಷಧಿ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಹನ್ನೊಂದು ವರ್ಷದಿಂದ ಮುಲಾಮು ಕಲಸುತ್ತಿದ್ದ ಅವಳಿಗೆ ಜೊತೆಯವರು ಇಟ್ಟ ಹೆಸರು ಮುಲಾಮಕ್ಕ. ಅವಳ ಅತ್ತೆ ಒಂದು ಕ್ಯಾಂಟೀನಿನಲ್ಲಿ ಪಾತ್ರೆ ತೊಳೆಯುತ್ತಿದ್ದರು. ದಿನವಿಡೀ ನೀರಿನಲ್ಲೇ ನೆನೆಯುವ ಕೈ. ಬೆರಳ ಸಂದಿಯಲ್ಲಿ ಶಿಲೀಂಧ್ರ ಬೇರೂರಿ ಚರ್ಮ ಬೆಳ್ಳಗೆ ಬಿರಿದಿತ್ತು. ಸೊಸೆಯೇ ಕಲಸಿದ ಮುಲಾಮು ಕೊಟ್ಟರೂ ಗುಣವಿಲ್ಲ.

ಒಂದು ಭಾನುವಾರ ಕಪಾಟು ಒರೆಸುವಾಗ ತಾನು ಕೊಟ್ಟಿದ್ದ ಮುಲಾಮಿನ ಎರಡು ಟ್ಯೂಬುಗಳು ಅವಳ ಕೈಗೆ ಸಿಕ್ಕವು, ಎರಡೂ ಹೆಚ್ಚುಕಡಿಮೆ ಹೊಟ್ಟೆ ತುಂಬಿಕೊಂಡೇ ಇದ್ದವು.

"ಅತ್ತೆ, ನೀವು ಹಚ್ಕೊಂಡೇ ಇಲ್ವಲ್ಲ?"

ಅತ್ತೆ ತಲೆ ತಗ್ಗಿಸಿದರು. "ಎರಡು ದಿನ ಹಚ್ಕೊಂಡೆ ಕಣೇ. ಕೈಯೆಲ್ಲ ಜಿಡ್ಡು, ಗಾಜಿನ ಲೋಟ ಜಾರಿ ಚೂರಾಯ್ತು. ನೀರಿಗೆ ಕೈಯಿಟ್ರೆ ಎಲ್ಲಾ ತೊಳ್ಕೊಂಡು ಹೋಗುತ್ತೆ. ನೀನು ಮಾಡಿದ್ದು, ಕೆಲಸಕ್ಕೆ ಬರಲ್ಲ ಅಂತ ಯಾವ ಬಾಯಲ್ಲಿ ಹೇಳ್ಲಿ?"

ಮುಲಾಮಕ್ಕ ಟ್ಯೂಬನ್ನು ತಿರುಗಿಸಿ ನೋಡಿದಳು. ಕಲಸುವಾಗ ನುಣುಪು ನೋಡಿದ್ದಳು, ಬಣ್ಣ ನೋಡಿದ್ದಳು. ಹಚ್ಚಿಕೊಳ್ಳುವವರ ಕೈ ಎಷ್ಟು ಹೊತ್ತು ಒಣಗಿರುತ್ತದೆ ಎಂದು ಯಾರನ್ನೂ ಕೇಳಿರಲಿಲ್ಲ.

ಮರುದಿನ ಮೇಲಧಿಕಾರಿಯ ಮುಂದೆ ನಿಂತು, "ಸರ್, ನಮ್ಮ ಮುಲಾಮು ಕೆಲಸ ಇಲ್ಲದವರಿಗೆ ಮಾತ್ರ," ಎಂದಳು. ಅವರು ಮೊದಲು ನಕ್ಕರು, ಆಮೇಲೆ ಹೊಸದನ್ನು ಮಾಡಿ ನೋಡಲು ಪ್ರಯೋಗಾಲಯದ ಮೇಜಿನ ಒಂದು ಮೂಲೆ ಬಿಟ್ಟುಕೊಟ್ಟರು. ಜಿಡ್ಡಿನ ಬದಲು ಲೋಳೆಯಂಥ ಜೆಲ್ ಮಾಡಿದಳು. ಮೊದಲನೆಯದು ಬೇಗ ಆರಿತು, ಆದರೆ ಅದರಲ್ಲಿದ್ದ ಸ್ಪಿರಿಟ್ ಬಿರಿದ ಚರ್ಮಕ್ಕೆ ಬೆಂಕಿಯಂತೆ ಉರಿಯುವಂಥದು. ಸ್ಪಿರಿಟ್ ತಗ್ಗಿಸಿದರೆ ಮದ್ದು ಚರ್ಮದೊಳಗೆ ಇಳಿಯದು. ಗಾಜಿನ ಪುಟ್ಟ ಬಟ್ಟಲುಗಳ ಬಾಯಿಗೆ ಚರ್ಮದಂಥ ತೆಳು ಪೊರೆ ಬಿಗಿದು, ಮೇಲೆ ಹಚ್ಚಿದ್ದು ಕೆಳಗೆ ಎಷ್ಟು ಇಳಿಯಿತೆಂದು ಗಂಟೆಗಂಟೆಗೂ ಅಳೆದಳು. ಮದ್ದಿನ ಕಣಗಳನ್ನು ಇನ್ನೂ ಸಣ್ಣದಾಗಿಸಿದ ಮೇಲೆ ದಾರಿ ಸಿಕ್ಕಿತು.

ಪರೀಕ್ಷೆ, ಅನುಮತಿ ಎಂದು ಎರಡು ವರ್ಷ ಹಿಡಿಯಿತು. ಅಲ್ಲಿಯವರೆಗೆ ಸಂಜೆ ಸಂಜೆ ಅತ್ತೆಯ ಒಂದೊಂದೇ ಬೆರಳನ್ನೂ ತಾನೇ ಒರೆಸಿ, ಹಳೆಯ ಮುಲಾಮನ್ನೇ ಹಚ್ಚಿ, ಹತ್ತಿಬಟ್ಟೆ ಸುತ್ತುತ್ತಿದ್ದಳು. ಸೋಂಕು ಇಳಿಯುತ್ತಿತ್ತು, ಮತ್ತೆ ಏರುತ್ತಿತ್ತು. "ನನ್ನ ಕೈ ಮುಟ್ಟಿ ನಿನಗೂ ಅಂಟಿಕೊಂಡ್ರೆ?" ಎಂದು ಅತ್ತೆ ಗದರಿದರೆ, "ಅಂಟ್ಕೊಂಡ್ರೆ ಇಬ್ರೂ ಒಟ್ಟಿಗೆ ಕೆರ್ಕೊಳ್ಳೋಣ ಬಿಡಿ," ಎನ್ನುತ್ತಿದ್ದಳು.

ಕೊನೆಗೆ ವೈದ್ಯರೇ ಅತ್ತೆಗೆ ಆ ಜೆಲ್ ಬರೆದುಕೊಟ್ಟರು. ಐದು ನಿಮಿಷದಲ್ಲಿ ಆರಿ, ನೀರಿಗೂ ತೊಳೆದುಹೋಗದ ತೆಳುಪೊರೆಯಾಗಿ ನಿಲ್ಲುತ್ತಿತ್ತು, ಲೋಟ ಜಾರಲಿಲ್ಲ. ಆರು ವಾರಕ್ಕೆ ಬಿರುಕುಗಳು ಮುಚ್ಚಿದವು.

ಒಂದು ಬೆಳಿಗ್ಗೆ ಅತ್ತೆ ಬಾಚಣಿಗೆ ಹಿಡಿದು ಕರೆದರು. "ಬಾರೇ, ಕೂತ್ಕೋ. ಈ ಕೈಯಿಂದ ನಿನ್ನ ತಲೆ ಮುಟ್ಟೋಕೆ ಇಷ್ಟು ದಿನ ಹೆದರಿದ್ದೆ."

ಮುಲಾಮಕ್ಕನಿಗೆ ಕೆಲಸಕ್ಕೆ ಹೊತ್ತಾಗಿತ್ತು. ಆದರೂ ಜಡೆ ಬಿಚ್ಚಿಕೊಂಡು ಅವರ ಮುಂದೆ ನೆಲದ ಮೇಲೆ ಕುಳಿತಳು.