ತಮ್ಮನ ಸೀನು, ಅಣ್ಣನ ಗಡ್ಡ

ಆ ಖುರ್ಚಿ ಖಾಲಿಯಾದಾಗ ನಾನು ಎದ್ದು ಹೋಗಿ ಅದರಲ್ಲಿ ಕುಳಿತುಕೊಳ್ಳಬೇಕಿತ್ತು. ಕುಳಿತುಕೊಳ್ಳಲಿಲ್ಲ. ಪೇಪರ್ ಓದಿದೆ.

ಓದಿದೆ ಎನ್ನುವುದೂ ಸುಳ್ಳೇ. ಪೇಪರ್ ಮುಖಕ್ಕೆ ಅಡ್ಡ ಹಿಡಿದೆ.

ಪ್ರತಿ ವಾರ ಪತ್ರಿಕೆಯ ಈ ಅಂಕಣದಲ್ಲಿ ನಾನು ಊರನ್ನು ಬೈಯುತ್ತೇನೆ, ನೀವು ಓದಿ ನಗುತ್ತೀರಿ. ಬಸ್ ನಿಲ್ದಾಣದ ನಲ್ಲಿಯನ್ನು ಬೈದಿದ್ದೇನೆ, ಮದುವೆ ಮನೆಯ ಡಿಜೆಯನ್ನು ಬೈದಿದ್ದೇನೆ. ಈ ವಾರ ಬೈಗುಳ ನಮ್ಮ ಮನೆ ಬಾಗಿಲಿಗೇ ಬಂದಿದೆ. ಇದನ್ನೂ ಓದಿ. ನಗು ಬಂದರೆ ನಗಿ, ನನಗೆ ಅದು ಸಲ್ಲಬೇಕಾದ್ದೇ.

ನನ್ನ ತಮ್ಮ ಮೌನೇಶ ಮಸ್ಕಿಯಲ್ಲಿ ಕಟಿಂಗ್ ಶಾಪ್ ಇಟ್ಟುಕೊಂಡಿದ್ದಾನೆ. ಅದು ಅಪ್ಪನ ಅಂಗಡಿ. ಅಪ್ಪ ನಮ್ಮಿಬ್ಬರಿಗೂ ಕತ್ತಿ ಹಿಡಿಯುವುದನ್ನು ಕಲಿಸಲು ನೋಡಿದ. ನಾನು ಏಳನೇ ತರಗತಿಗೆ ಶಾಲೆ ಬಿಟ್ಟೆ, ಅದರ ಹಿಂದೆಯೇ ಕತ್ತಿಯನ್ನೂ ಬಿಟ್ಟೆ. (ಊರವರ ಗಡ್ಡ ಹೆರೆಯುವುದು ನನ್ನ ಘನತೆಗೆ ಕಡಿಮೆ ಅನ್ನಿಸಿತ್ತು. ಏಳನೇ ತರಗತಿಯವನ ಘನತೆ!) ಪಂಪ್‌ಸೆಟ್ ಮೋಟರ್ ವೈಂಡಿಂಗ್ ಕಲಿತೆ, ಇವತ್ತಿಗೂ ತಾಮ್ರದ ತಂತಿ ಸುತ್ತುತ್ತಲೇ ಇದ್ದೇನೆ. ಆದರೆ ನನ್ನ ಗಡ್ಡ ಮಾತ್ರ ಅಪ್ಪನ ಕೈಯಿಂದ ನೇರವಾಗಿ ತಮ್ಮನ ಕೈಗೆ ಬಂತು. ಮೂರನೆಯವರ ಕತ್ತಿಯನ್ನು ನನ್ನ ಗದ್ದ ಕಂಡಿರಲಿಲ್ಲ.

ನಲವತ್ತರ ಹತ್ತಿರ ಬಂದಾಗ ಮೌನೇಶನಿಗೆ ಸೀನು ಶುರುವಾಯಿತು.

ನೆಗಡಿಯ ಸೀನಲ್ಲ. ನೆಗಡಿ ಬಂದ ಅತಿಥಿಯ ಹಾಗೆ ನಾಲ್ಕು ದಿನ ಇದ್ದು ಹೋಗುತ್ತದೆ. ಇದು ಮಳೆ ಬಿದ್ದು ಹಳ್ಳದ ದಂಡೆಯ ಗಿಡಗಂಟಿ ಹೂ ಬಿಟ್ಟಾಗ ಬರುತ್ತದೆ, ಚಳಿಗಾಲ ಬರುವವರೆಗೂ ಹೋಗುವುದಿಲ್ಲ. ಬೆಳಿಗ್ಗೆ ಏಳುತ್ತಲೇ ಬಾಯಿಯ ಅಂಗುಳ ತುರಿಸುತ್ತದೆ. ಕಿವಿಯ ಒಳಗೆ, ಬೆರಳು ಹೋಗದ ಜಾಗದಲ್ಲಿ ತುರಿಸುತ್ತದೆ. ಕಣ್ಣು ಕೆಂಪಗೆ ಊದಿಕೊಳ್ಳುತ್ತದೆ. ಮೂಗಂತೂ ನಮ್ಮ ಕಾಲುವೆಯ ಹಾಗೆ: ಬೇಡವೆಂದಾಗ ತುಂಬಿ ಹರಿಯುತ್ತದೆ, ಬೇಕೆಂದಾಗ ಬಂದ್. ಒಂದು ಸೀನು ಬಂದರೆ ಅದರ ಬೀಗರು ಬಿಜ್ಜರೆಲ್ಲ ಹಿಂದೆ ಬರುತ್ತಾರೆ.

ಆಫೀಸಿನ ಗುಮಾಸ್ತ ಸೀನಿದರೆ ಫೈಲು ಒದ್ದೆಯಾಗುತ್ತದೆ, ಅಷ್ಟೇ. ಕತ್ತಿ ಹಿಡಿದವನು ಸೀನಿದರೆ?

ಊರಿನ ಬುದ್ಧಿವಂತರೆಲ್ಲ ಅವನ ಮೂಗಿನ ಮೇಲೆ ಬಿದ್ದರು. ನಶ್ಯ ಏರಿಸು, ಒಳಗಿರುವ ಸೀನೆಲ್ಲ ಒಮ್ಮೆಲೇ ಖಾಲಿಯಾಗಲಿ ಎಂದರು ಒಬ್ಬರು. (ಸೀನು ಏನು ಟ್ಯಾಂಕಿನಲ್ಲಿರುವ ಡೀಸೆಲ್ಲೇ?) ಇನ್ನೊಬ್ಬರು ಲೋಬಾನದ ಹೊಗೆ ಹಾಕಿಸಿದರು. ಓಣಿಯ ಹಿರಿಯರೊಬ್ಬರು ದೃಷ್ಟಿಯಾಗಿದೆ ಎಂದು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿಸಿದರು. ಘಾಟು ಬಂದರೆ ದೃಷ್ಟಿಯಿಲ್ಲ, ಬಾರದಿದ್ದರೆ ದೃಷ್ಟಿಯಿದೆ ಎಂಬುದು ಲೆಕ್ಕ. ಮೊದಲೇ ಸೀನುತ್ತಿರುವವನ ಮೇಲೆ ಈ ಪರೀಕ್ಷೆ! ಅವತ್ತು ಅವನ ಜೊತೆಗೆ ಓಣಿಯೇ ಸೀನಿತು.

ಇಷ್ಟು ಜನರನ್ನು ಹಾಸ್ಯ ಮಾಡಿದೆನಲ್ಲ, ನಾನು ಕೊಟ್ಟ ಔಷಧ ಯಾವುದು ಗೊತ್ತೇ? "ಎಲ್ಲಾ ನಿನ್ನ ಮನಸ್ಸಿನಾಗ ಐತಿ" ಅಂದೆ. ಹುಟ್ಟಿದಾಗಿನಿಂದ ಇದೇ ಗಾಳಿ ಕುಡಿದಿದ್ದೀಯ, ಮೀಸೆ ಬೆಳ್ಳಗಾಗುವ ಹೊತ್ತಿಗೆ ಎಲ್ಲಿಂದ ಬಂತು ಹೊಸ ರೋಗ ಎಂದು ಕೇಳಿದೆ. ಇದಕ್ಕಿಂತ ನಶ್ಯವೇ ವಾಸಿ.

ಕೊನೆಗೆ ಅವನೇ ಸಿಂಧನೂರಿಗೆ ಹೋಗಿ ಕಿವಿ ಮೂಗಿನ ಡಾಕ್ಟರಿಗೆ ತೋರಿಸಿಕೊಂಡು ಬಂದ. ಡಾಕ್ಟರು ಹೇಳಿದ್ದು ಇಷ್ಟು: ಇದು ಅಲರ್ಜಿ. ಜಾಲಿ, ಹುಲ್ಲು, ಪಾರ್ಥೇನಿಯಂ ಹೂವಿನ ಪರಾಗ ಗಾಳಿಯಲ್ಲಿ ಬಂದು ಮೂಗಿಗೆ ಹೊಕ್ಕರೆ ದೇಹ ಅದನ್ನು ವೈರಿ ಎಂದುಕೊಳ್ಳುತ್ತದೆ. ಚಿಕ್ಕಂದಿನಲ್ಲೇ ಬರಬೇಕೆಂದಿಲ್ಲ, ಯಾವ ವಯಸ್ಸಿನಲ್ಲಾದರೂ ಶುರುವಾಗಬಹುದು. ಯಾರಿಗೂ ಅಂಟುವುದಿಲ್ಲ. ಪೂರ್ತಿ ಹೋಗುತ್ತದೆ ಎಂದು ಮಾತು ಕೊಡಲಾರೆ, ಹತೋಟಿಯಲ್ಲಿ ಇಡಬಹುದು.

ಮೌನೇಶ ಹತೋಟಿಗೆ ಇಳಿದ. ಮೊದಲು ಊರಿನ ಔಷಧದಂಗಡಿಯಲ್ಲಿ ಕೇಳಿ ತಂದಿದ್ದ ಗುಳಿಗೆ ನಿದ್ದೆ ಬರಿಸುತ್ತಿತ್ತು. ಸೀನುವವನ ಕೈಯಲ್ಲಿ ಕತ್ತಿ ಇದ್ದರೆ ಒಂದು ಭಯ, ತೂಕಡಿಸುವವನ ಕೈಯಲ್ಲಿದ್ದರೆ? ಅದನ್ನು ಬಿಟ್ಟು ಡಾಕ್ಟರು ಬರೆದುಕೊಟ್ಟ ಬೇರೆ ಗುಳಿಗೆ ಹಿಡಿದ. ದಿನಾ ಬೆಳಿಗ್ಗೆ ಮೂಗಿಗೆ ಸ್ಪ್ರೇ ಹೊಡೆದುಕೊಂಡ. ಕಾಯಿಸಿ ಆರಿಸಿದ ಉಪ್ಪುನೀರಿನಿಂದ ಮೂಗು ತೊಳೆದ. ಹಳ್ಳದ ಕಡೆಯ ಕಿಟಕಿಗೆ ಹಲಗೆ ಬಡಿದ, ಬಾಗಿಲಿಗೆ ಒದ್ದೆ ಪರದೆ ಕಟ್ಟಿದ. ಮಾಸ್ಕ್, ಮೇಲೊಂದು ಕನ್ನಡಕ. ಮುಕ್ಕಾಲು ಪಾಲು ಕಡಿಮೆಯಾಯಿತು. ಗಾಳಿ ಜೋರಾದ ದಿನ ಮಾತ್ರ ಯಾವ ಪರದೆಯೂ ತಡೆಯುವುದಿಲ್ಲ.

ಅಂಥ ಗಾಳಿಗೆ ನಮ್ಮಲ್ಲಿ ಬರವಿಲ್ಲ. ಪಾರ್ಥೇನಿಯಂ (ನಮ್ಮ ಕಡೆ ಆ ಕಸಕ್ಕೆ ಒಂದು ಪಕ್ಷದ ಹೆಸರಿದೆ, ಇಲ್ಲಿ ಬೇಡ) ಹೂ ಬಿಡುವ ಮೊದಲು ಯಾರೂ ಕೀಳುವುದಿಲ್ಲ. ಬೆಳ್ಳಗೆ ಹೂ ತುಂಬಿ ನಿಂತ ಮೇಲೆ ಸ್ವಚ್ಛತೆಯ ಪ್ರಮಾಣವಚನ, ಅದರ ಮುಂದೆ ನಿಂತು ಫೋಟೋ. ಆಮೇಲೆ ಮಷೀನ್ ಹಚ್ಚಿ ಕೊಚ್ಚಿ, ಪರಾಗವನ್ನೆಲ್ಲ ಊರಿಗೆ ಸಮನಾಗಿ ಹಂಚುತ್ತಾರೆ. ಬೇರೆ ಯಾವುದನ್ನಾದರೂ ಇಷ್ಟು ನ್ಯಾಯವಾಗಿ ಹಂಚಿದ್ದಾರೆಯೇ?

ಮತ್ತೆ ನಮ್ಮ ಜನ. ಮಾಸ್ಕ್ ಹಾಕಿದರೆ, ಏನೋ ದೊಡ್ಡ ರೋಗವಿದೆ, ಮುಚ್ಚಿಕೊಂಡಿದ್ದಾನೆ ಎಂದರು. ತೆಗೆದರೆ, ಮುಖದ ಮೇಲೆ ಸೀನುತ್ತಾನೆ ಎಂದರು. ಗುಟ್ಕಾ ಜಗಿದು ಅಂಗಡಿಯ ಕಟ್ಟೆಗೇ ಉಗುಳುವ ಬಾಯಿಗಳಿವು.

ಈಗ ಆ ಭಾನುವಾರಕ್ಕೆ ಬರುತ್ತೇನೆ.

ಶ್ರಾವಣದಲ್ಲಿ ನಮ್ಮ ಕಡೆ ಬಹಳ ಗಂಡಸರು ಮುಖಕ್ಕೆ ಕತ್ತಿ ಮುಟ್ಟಿಸುವುದಿಲ್ಲ. ಹಾಗಾಗಿ ಶ್ರಾವಣ ಮುಗಿದ ಮೊದಲ ಭಾನುವಾರ ಕಟಿಂಗ್ ಶಾಪಿಗೆ ಸುಗ್ಗಿ. ಗಿರಾಕಿಗಳು ಕಾಯುತ್ತ ಕೂರುವ ಉದ್ದನೆಯ ಬಾಕಿನ ಮೇಲೆ ಜಾಗವಿರಲಿಲ್ಲ. ತಿಂಗಳ ಗಡ್ಡ ಹೊತ್ತು ನಾನೂ ಪಾಳಿಗೆ ಕುಳಿತಿದ್ದೆ. ಖುರ್ಚಿಯಲ್ಲಿ ಗೊಬ್ಬರದಂಗಡಿಯ ಸಾಹುಕಾರರು. ಒಂದು ಕೆನ್ನೆ ನುಣ್ಣಗಾಗಿತ್ತು, ಇನ್ನೊಂದರ ಮೇಲೆ ನೊರೆ.

ಹೊರಗೆ ಗಾಳಿ ಬೀಸಿತು. ಮೌನೇಶನಿಗೆ ಸೀನು ಬರುವ ಮೊದಲು ಅಂಗುಳ ತುರಿಸುತ್ತದೆ, ಆಗಲೇ ಕತ್ತಿಯನ್ನು ಮೇಲೆತ್ತಿ ಪಕ್ಕಕ್ಕೆ ಸರಿಯುತ್ತಾನೆ. ಅವತ್ತೂ ಸರಿದ. ಬಾಗಿಲ ಕಡೆ ತಿರುಗಿ, ಮೊಳಕೈಯಲ್ಲಿ ಮುಖ ಹುದುಗಿಸಿ ಸೀನಿದ. ಸಾಹುಕಾರರ ಮೇಲೆ ಒಂದು ಹನಿ ಬೀಳಲಿಲ್ಲ, ಒಂದು ಗೀರು ಆಗಲಿಲ್ಲ. ಆದರೂ ಅವರು ಚಂಗನೆ ಎದ್ದರು. ಕೊರಳಿಗೆ ಕಟ್ಟಿದ ಬಟ್ಟೆ, ಅರ್ಧ ಮುಖದ ನೊರೆ, ಎಲ್ಲದರ ಸಮೇತ ರಸ್ತೆಗೆ ಓಡಿದರು. "ಕೊಲ್ಲತಾನಲೇ ಇಂವ" ಅಂದದ್ದು ಅರ್ಧ ಬಜಾರಕ್ಕೆ ಕೇಳಿತು.

ಬೆಳೆಗೆ ಹೊಡೆಯುವ ವಿಷದ ಪ್ಯಾಕೆಟ್ಟನ್ನು ಹಲ್ಲಿನಿಂದ ಹರಿದು ಗಿರಾಕಿಗೆ ಕೊಡುವ ಮನುಷ್ಯ ಇವರು. ಸೀನಿಗೆ ಓಡಿದರು!

ಯಾರೋ ನಕ್ಕರು. ಆಮೇಲೆ ಯಾರೂ ನಗಲಿಲ್ಲ. ಮೌನೇಶ ಕೈ ತೊಳೆದುಕೊಂಡು ಬಂದ, ಬ್ಲೇಡ್ ಬದಲಿಸಿದ, ಖುರ್ಚಿ ಒರೆಸಿದ. ಪಾಳಿಯಲ್ಲಿ ಮುಂದಿನವನು ನೆಲ ನೋಡಿದ. ಅವನ ಪಕ್ಕದವನು ಫೋನ್ ನೋಡಿದ. ಮೌನೇಶ ನನ್ನ ಕಡೆ ತಿರುಗಿದ.

"ಬಾ ಅಣ್ಣಾ" ಅಂದ.

ಎರಡೇ ಮಾತು. ನಾನು ಎದ್ದು ಕುಳಿತಿದ್ದರೆ ಮುಗಿದಿತ್ತು. ಅಣ್ಣನ ಗಂಟಲು ಅವನ ಕತ್ತಿಯ ಕೆಳಗೆ ನಿಶ್ಚಿಂತೆಯಿಂದ ಇರುವುದನ್ನು ಬಾಕಿನ ಮೇಲಿದ್ದವರೆಲ್ಲ ನೋಡುತ್ತಿದ್ದರು, ಒಬ್ಬರ ಹಿಂದೊಬ್ಬರು ಕುಳಿತುಕೊಳ್ಳುತ್ತಿದ್ದರು. ನನಗೆ ಕಂಡದ್ದು ಕತ್ತಿ ಮಾತ್ರ. "ಇವತ್ತ ಬ್ಯಾಡಪಾ, ಅರ್ಜೆಂಟ್ ಕೆಲಸ ಐತಿ" ಎಂದು ಪೇಪರ್ ಏರಿಸಿದೆ. ಅರ್ಜೆಂಟ್ ಕೆಲಸವಿದ್ದವನು ಪೇಪರ್ ಓದುತ್ತಾನೆಯೇ? ಬಾಕಿನ ಮೇಲೆ ಇದ್ದವರಿಗೆ ಅಷ್ಟು ತಿಳಿಯದೇ? ಒಬ್ಬೊಬ್ಬರಾಗಿ ಎದ್ದು ಹೋದರು. ಕೊನೆಗೆ ನಾನೂ ಹೋದೆ, ಗಡ್ಡದ ಸಮೇತ.

ಇಷ್ಟಕ್ಕೇ ನಿಲ್ಲಿಸಿದ್ದರೆ ಬರೀ ಹೇಡಿ ಎನ್ನಿಸಿಕೊಳ್ಳುತ್ತಿದ್ದೆ. ನಾನು ಅಲ್ಲಿಗೂ ನಿಲ್ಲಿಸಲಿಲ್ಲ. ಅದೇ ವಾರ ತಂತಿ ತರಲೆಂದು ಲಿಂಗಸುಗೂರಿಗೆ ಹೋದವನು, ಗಾಜಿನ ಬಾಗಿಲಿನ ಎಸಿ ಪಾರ್ಲರ್ ಹೊಕ್ಕು ಗಡ್ಡ ತೆಗೆಸಿದೆ. ಕತ್ತಿ ಹಿಡಿದವನ ಕಿವಿಯಲ್ಲಿ ಇಯರ್‌ಫೋನ್. ಒಂದು ಸಲವೂ ಸೀನಲಿಲ್ಲ ಪುಣ್ಯಾತ್ಮ. ನನ್ನ ಗದ್ದವನ್ನು ಮಾತ್ರ ಕೊಯ್ದ. ಹತ್ತಿ ಒತ್ತಿಕೊಂಡು ಕನ್ನಡಿಯಲ್ಲಿ ನೋಡಿದರೆ ಪಕ್ಕದ ಖುರ್ಚಿಯಲ್ಲಿ ನಮ್ಮ ಊರಿನವನೇ ಒಬ್ಬ ಕುಳಿತು ನನ್ನನ್ನು ನೋಡಿ ನಗುತ್ತಿದ್ದ. ಲಿಂಗಸುಗೂರಿನಿಂದ ಮಸ್ಕಿಗೆ ಬಸ್ ನಿಧಾನ. ಸುದ್ದಿ ಹಾಗಲ್ಲ.

ಮುಂದಿನ ವಾರಗಳಲ್ಲಿ ನಾನು ಆ ರಸ್ತೆಯಲ್ಲಿ ಹೋಗುವುದನ್ನೇ ಬಿಟ್ಟೆ. ಸುತ್ತುಹಾಕಿ ಹೋಗುತ್ತಿದ್ದೆ. ಒಂದು ಮಧ್ಯಾಹ್ನ ಮೌನೇಶನ ಹೆಂಡತಿ ನಾಗಮ್ಮ ನನ್ನ ವೈಂಡಿಂಗ್ ಅಂಗಡಿಗೆ ಬಂದಳು, ಕೈಯಲ್ಲಿ ಕೆಟ್ಟ ಟೇಬಲ್ ಫ್ಯಾನ್. ರಿಪೇರಿಗೆ ಅಲ್ಲ, ಮಾರಲಿಕ್ಕೆ ಎಂದಳು. ಅಂಗಡಿಯ ಬಾಡಿಗೆ ಮಳಿಗೆ ಬಿಟ್ಟುಕೊಡುವುದಾಗಿ ಮೌನೇಶ ಅದರ ಮಾಲೀಕರಿಗೆ ಹೇಳಿ ಬಂದಿದ್ದಾನಂತೆ. ತಿಂಗಳು ಮುಗಿದ ಮೇಲೆ ಸಿಂಧನೂರಿನ ಅಕ್ಕಿ ಗಿರಣಿಯಲ್ಲಿ ಮೂಟೆ ಹೊರುವ ಕೆಲಸ.

ಗಿರಣಿ! ಭತ್ತದ ಹೊಟ್ಟು ಹೊಗೆಯಂತೆ ಹಾರುವ ಜಾಗಕ್ಕೆ ಆ ಮೂಗು! ಊರಿನವರು ಇಷ್ಟು ಹೆದರುಪುಕ್ಕಲರು ಎಂದು ನನಗೆ ಗೊತ್ತಿರಲಿಲ್ಲ ಎಂದು ನಾನು ಬೈಯಲು ಶುರುಮಾಡಿದೆ. (ಅಭ್ಯಾಸಬಲ.) ನಾಗಮ್ಮ ಕೇಳಿಸಿಕೊಂಡಳು. ಮದುವೆಯಾಗಿ ಬಂದಾಗಿನಿಂದ ನನ್ನ ಎದುರು ದನಿ ಎತ್ತಿದವಳಲ್ಲ. ಆಗಲೂ ಎತ್ತಲಿಲ್ಲ.

"ಮಂದಿ ಸೀನಿಗೆ ಹೆದರಿಲ್ರಿ ಬಾವಾರ. ನೀವು ಹೆದರಿದ್ದಕ್ಕ ಹೆದರ್ಯಾರ. ಬಾಕಿನ ಮ್ಯಾಗ ಈಗ ಯಾರೂ ಕುಂದ್ರಂಗಿಲ್ಲ, ನಿಮ್ಮ ಲಿಂಗಸುಗೂರು ದಾಡಿ ಸುದ್ದಿ ಒಂದ ಕುಂತೈತಿ."

ಫ್ಯಾನ್ ಅಲ್ಲೇ ಇಟ್ಟು ಹೋದಳು.

ತಕ್ಷಣ ಎದ್ದು ಓಡಿದೆ ಎಂದು ಬರೆಯಬಹುದು, ನೀವು ನಂಬಲೂಬಹುದು. ಓಡಲಿಲ್ಲ. ಭಾನುವಾರದವರೆಗೆ ಗಡ್ಡ ಬೆಳೆಯಲಿ ಎಂದು ಕಾದೆ. ತಪ್ಪೊಪ್ಪಿಕೊಳ್ಳಲಿಕ್ಕೂ ನನಗೊಂದು ನೆಪ ಬೇಕಿತ್ತು, ಅದು ಮುಖದ ಮೇಲೆ ಮೊಳೆಯಬೇಕಿತ್ತು.

ಭಾನುವಾರ ಅಂಗಡಿಯ ಬಾಕಿನ ಮೇಲೆ ಮೂವರಿದ್ದರು. ಗಡ್ಡಕ್ಕಲ್ಲ, ಪುಕ್ಕಟೆ ಪೇಪರಿಗೆ. ನಾನು ನೇರವಾಗಿ ಹೋಗಿ ಖುರ್ಚಿಯಲ್ಲಿ ಕುಳಿತೆ. ಮೌನೇಶ ತಿರುಗಿಯೂ ನೋಡಲಿಲ್ಲ. ಬಾಚಣಿಗೆ ತೊಳೆಯುತ್ತಿದ್ದ.

"ಪೇಪರ್ ಬಾಕಿನ ಮ್ಯಾಗ ಐತಿ. ಇದು ದಾಡಿ ಮಾಡಿಸಿಕೊಳ್ಳೋರ ಖುರ್ಚಿ" ಅಂದ.

"ದಾಡಿ ಮಾಡಿಸಿಕೊಳ್ಳಾಕ ಬಂದೀನಿ."

"ಯಾಕ, ಲಿಂಗಸುಗೂರು ಬಸ್ ತಪ್ಪಿತೇನು?"

ಬಾಕಿನ ಮೇಲಿನವರು ಖುಷಿಯಾಗಿ ಕೆಮ್ಮಿದರು. ನಾನು ತಲೆಯನ್ನು ಹಿಂದಕ್ಕೆ ಒರಗಿಸಿದೆ. ಬಹಳ ಹೊತ್ತಿನ ಮೇಲೆ ಕೊರಳಿಗೆ ಬಟ್ಟೆ ಬಂತು. ನೊರೆ ಬಂತು. ಲಿಂಗಸುಗೂರಿನ ಗಾಯದ ಕಲೆಯ ಮೇಲೆ ಅವನ ಹೆಬ್ಬೆರಳು ಒಂದು ಕ್ಷಣ ನಿಂತಿತು, ಏನೂ ಕೇಳದೆ ಮುಂದೆ ಹೋಯಿತು. ಒಂದು ಕೆನ್ನೆ ಮುಗಿಯಿತು. ನಾನು ಬಾಯಿ ತೆರೆದೆ.

"ಮಾತಾಡಬ್ಯಾಡ. ಕತ್ತಿ ಗಂಟಲ ಮ್ಯಾಗ ಐತಿ" ಅಂದ.

ಸರಿ. ಕತ್ತಿ ಇರುವವರೆಗೆ ಗಿರಾಕಿಗೆ ಬಾಯಿಲ್ಲ. ಹೊರಗೆ ಬಾಗಿಲ ಪರದೆ ಉಬ್ಬಿತು. ಹಳ್ಳದ ಕಡೆಯ ಗಾಳಿ. ಕತ್ತಿ ನನ್ನ ಗಂಟಲಿನಿಂದ ಮೇಲೆದ್ದಿತು, ಮೌನೇಶ ಬಾಗಿಲ ಕಡೆ ತಿರುಗಿದ. ಒಂದು ಸೀನು. ಇನ್ನೊಂದು. ಆಮೇಲೆ ಬೀಗರು ಬಿಜ್ಜರೆಲ್ಲ.

ಕನ್ನಡಿಯಲ್ಲಿ ನನ್ನ ಅರ್ಧ ಮುಖಕ್ಕೆ ನೊರೆ, ಅರ್ಧ ನುಣ್ಣಗೆ. ಥೇಟ್ ಸಾಹುಕಾರರು. ಹಿಂದೆ ಮೂವರೂ ಪೇಪರ್ ಕೆಳಗಿಟ್ಟು ನನ್ನ ಕಾಲುಗಳನ್ನೇ ನೋಡುತ್ತಿದ್ದರು, ಯಾವಾಗ ಓಡುತ್ತವೆ ಎಂದು. ಚಪ್ಪಲಿಯೊಳಗೆ ಬೆರಳುಗಳು ಮುದುಡಿಕೊಂಡಿದ್ದವು, ಸುಳ್ಳೇಕೆ ಹೇಳಲಿ. ಖುರ್ಚಿಯ ಕೈ ಗಟ್ಟಿಯಾಗಿ ಹಿಡಿದೆ. ಸೀನು ನಿಂತರೆ ಕತ್ತಿ ಬರುತ್ತದೆ, ಕತ್ತಿ ಬಂದರೆ ಬಾಯಿ ಮುಚ್ಚಬೇಕು. ಮಾತಿಗೆ ಇದ್ದದ್ದು ಅವನ ಸೀನು ಬಿಟ್ಟುಕೊಟ್ಟಷ್ಟೇ ಹೊತ್ತು. ಸೀನಿಗಿಂತ ಜೋರಾಗಿ, ಬಾಕಿಗೂ ರಸ್ತೆಗೂ ಕೇಳುವ ಹಾಗೆ ಹೇಳಿದೆ:

"ಮೌನೇಶಾ, ಅವತ್ತ ನೀ ಬಾ ಅಣ್ಣಾ ಅಂದಾಗ ನಾ ಬಂದು ಈ ಖುರ್ಚ್ಯಾಗ ಕುಂದ್ರಬೇಕಾಗಿತ್ತು, ಕುಂದ್ರಲಿಲ್ಲ. ತಪ್ಪಾತು ತಮ್ಮಾ."